ಪದವಿಯ ನಂತರ ದಾರಿ ಬದಲಿಸಿದವರು



ಕಳೆದ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ನಾನು ಸೇವೆಗೆ ಸೇರಿ ಐದಾರು ವರ್ಷವಾಗಿದ್ದಾಗ ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಈಗ ಅವಳ ಮಗಳೇ ಇಂಜಿನಿಯರಿಂಗ್ ಪದವೀಧರೆ. ಕ್ಷೇಮಸಮಾಚಾರ ಮುಗಿದ ಮೇಲೆ ಧ್ವನಿ ತಗ್ಗಿಸಿ ವಿಷಯಕ್ಕೆ ಬಂದಳು.

"ಸರ್, ಮಗಳು ಕಂಪ್ಯೂಟರ್ ಸೈನ್ಸ್ ಮುಗಿಸಿದ್ದಾಳೆ. ಕೆಲಸಾನೂ ಸಿಕ್ಕಿದೆ. ಈಗ ಎಲ್ಲಾ ಬಿಟ್ಟು ಇತಿಹಾಸದಲ್ಲಿ ಎಂ.ಎ. ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ. ಅವರಪ್ಪ ಮಾತು ಬಿಟ್ಟಿದ್ದಾರೆ. ನೀವು ಹೇಳಿದ್ರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳಿ ಸರ್."

"ನೋಡೋಣ ಕಣಮ್ಮ. ಮುಂದಿನ ಭಾನುವಾರ ಕರೆದುಕೊಂಡು ಬಾ" ಎಂದೆ. ಹೇಳಿದ್ದೇನೋ ಹೇಳಿಬಿಟ್ಟೆ. ಆದರೆ ಫೋನ್ ಇಟ್ಟ ಮೇಲೆ, ಈ ವಿಷಯದಲ್ಲಿ ಬುದ್ಧಿ ಹೇಳಲು ನಾನು ತಕ್ಕವನೇ ಎಂಬ ಸಂಶಯ ಹುಟ್ಟಿ, ಅಂದು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲಿ ಹುಟ್ಟಿದ ಒಬ್ಬ ಮಹನೀಯರ ಕಥೆ ಹೇಳಬೇಕು. ಭಾನುವಾರ ಬರುವ ಹುಡುಗಿಗೂ ಇದನ್ನೇ ಹೇಳಬೇಕೆಂದಿದ್ದೇನೆ, ಬರೆದಿಟ್ಟುಕೊಂಡರೆ ಮರೆಯುವುದಿಲ್ಲ.

ಹೂವಿನ ಹಡಗಲಿ ಎಂದರೆ ನಮಗೆಲ್ಲ ನೆನಪಾಗುವುದು ಮಲ್ಲಿಗೆ; ತಪ್ಪಿದರೆ ಅದೇ ತಾಲ್ಲೂಕಿನ ಮೈಲಾರದ ಕಾರಣಿಕ. ನಾನು ಮೂವತ್ತು ವರ್ಷ ಪಾಠ ಮಾಡಿದ ಊರಿನಿಂದ ಅದು ಒಂದೂವರೆ ಗಂಟೆಯ ಬಸ್ಸಿನ ದಾರಿ. ಎಷ್ಟೋ ಸಲ ಹೋಗಿ ಬಂದಿದ್ದೇನೆ. ಆದರೆ ಕಲ್ಯಂಪುಡಿ ರಾಧಾಕೃಷ್ಣ ರಾವ್, ಅಂದರೆ ಜಗತ್ತಿಗೆಲ್ಲ ಸಿ. ಆರ್. ರಾವ್ ಎಂದು ಪರಿಚಿತರಾದ ಸಂಖ್ಯಾಶಾಸ್ತ್ರಜ್ಞರು, 1920ರ ಸೆಪ್ಟೆಂಬರ್ 10ರಂದು ಅಲ್ಲಿ ಹುಟ್ಟಿದರೆಂಬುದು, ಗಣಿತದ ಮೇಷ್ಟ್ರಾದ ನನಗೆ ನಿವೃತ್ತಿಯ ಹತ್ತಿರ ಬರುವವರೆಗೂ ಗೊತ್ತಿರಲಿಲ್ಲ. ನಾಚಿಕೆಯ ಮಾತೇ ಸರಿ. ಹಡಗಲಿ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ತಂದೆ ಪೊಲೀಸ್ ಇನ್ಸ್‌ಪೆಕ್ಟರ್, ಮನೆಮಾತು ತೆಲುಗು. ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು. ದೇವಕಿಯ ಎಂಟನೆಯ ಮಗನಂತೆ ಇವರಿಗೂ ಕೃಷ್ಣನ ಹೆಸರು ಬಂತು. ತಂದೆಗೆ ವರ್ಗವಾದಂತೆಲ್ಲ ಕುಟುಂಬ ಆಂಧ್ರದ ಊರೂರು ಸುತ್ತಿ ಕೊನೆಗೆ ವಿಶಾಖಪಟ್ಟಣದಲ್ಲಿ ನೆಲೆಸಿತು. ಆದ್ದರಿಂದ ಅವರು ನಮ್ಮವರೆಂದು ಎದೆ ತಟ್ಟಿಕೊಳ್ಳುವುದು ಅಷ್ಟು ಸರಿಯಲ್ಲ. ಹುಟ್ಟಿದ ಮಣ್ಣು ಇಲ್ಲಿಯದು ಎನ್ನಬಹುದು, ಅಷ್ಟೆ.

ತಾಯಿ ಲಕ್ಷ್ಮೀಕಾಂತಮ್ಮನವರು ದಿನವೂ ಬೆಳಗಿನ ಜಾವ ನಾಲ್ಕಕ್ಕೆ ಮಗನನ್ನು ಎಬ್ಬಿಸಿ, ಓದಲು ಎಣ್ಣೆಯ ದೀಪ ಹಚ್ಚಿಕೊಡುತ್ತಿದ್ದರಂತೆ. ಜಗತ್ಪ್ರಸಿದ್ಧರಾದ ಮೇಲೆ ರಾವ್ ಅವರು ತಮ್ಮ ಒಂದು ಪುಸ್ತಕವನ್ನು ಇದೇ ಕಾರಣ ಹೇಳಿ ತಾಯಿಗೆ ಅರ್ಪಿಸಿದ್ದಾರೆ. (ನಮ್ಮ ಮನೆಯಲ್ಲಿ ನಾಲ್ಕಕ್ಕೆ ಏಳುತ್ತಿದ್ದದ್ದು ನಾನೊಬ್ಬನೇ, ನನ್ನ ಮಕ್ಕಳು ಇದನ್ನು ಓದಿ ನಗುವುದು ಬೇಡ.)

1940ರಲ್ಲಿ ಆಂಧ್ರ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪ್ರಥಮ ದರ್ಜೆಯ ಪದವಿ ಬಂತು. ಮುಂದೆ ಗಣಿತದಲ್ಲೇ ಸಂಶೋಧನೆ ಮಾಡಬೇಕೆಂಬುದು ಹುಡುಗನ ಆಸೆ. ಸಂಶೋಧನಾ ವೇತನಕ್ಕೆ ಅರ್ಜಿ ಹಾಕಿದರು. ಅರ್ಜಿ ತಲುಪುವಾಗ ಗಡುವು ಮೀರಿತ್ತು ಎಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು. ಆಗ ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ಸರ್ವೇಕ್ಷಣ ವಿಭಾಗಕ್ಕೆ ಗಣಿತ ಬಲ್ಲವರು ಬೇಕಾಗಿದ್ದಾರೆಂದು ತಿಳಿದು ಸಂದರ್ಶನಕ್ಕಾಗಿ ಕಲ್ಕತ್ತೆಯ ರೈಲು ಹತ್ತಿದರು. ಅಲ್ಲಿಯೂ ಆಗಲಿಲ್ಲ. ವಯಸ್ಸು ಸಾಲದು ಎಂದರು.

ಈ ಎರಡು ನಿರಾಕರಣೆಗಳನ್ನು ನೀವು ಗಮನಿಸಬೇಕು. ದಾರಿ ಬದಲಿಸಿದವರ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಅವರ ದಿಟ್ಟತನವನ್ನೇ ಹೊಗಳುತ್ತೇವೆ. ಒಂದು ಬೆಳಗ್ಗೆ ಎದ್ದು "ನನಗಿದು ಬೇಡ, ಅದು ಬೇಕು" ಎಂದು ನಿರ್ಧರಿಸಿದರು ಎನ್ನುವಂತೆ ಚಿತ್ರಿಸುತ್ತೇವೆ. ಇಲ್ಲಿ ಹಾಗೇನೂ ಇಲ್ಲ. ಇಪ್ಪತ್ತು ವರ್ಷದ ಹುಡುಗ, ಭಾಷೆ ಬಾರದ ಊರು, ಎರಡೂ ಕಡೆ ಬಾಗಿಲು ಮುಚ್ಚಿದೆ. ಉಳಿದುಕೊಂಡಿದ್ದ ಹೋಟೆಲಿನಲ್ಲಿ ದಕ್ಷಿಣದ ಇನ್ನೊಬ್ಬ ತರುಣನ ಪರಿಚಯವಾಯಿತು. ಆತ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಎಂಬಲ್ಲಿ ತರಬೇತಿ ಪಡೆಯಲು ಬಂದವನು. ಅವನ ಜೊತೆ ರಾವ್ ಆ ಸಂಸ್ಥೆಯನ್ನು ನೋಡಲು ಹೋದರು. ಆಗ ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೋಣೆಗಳಲ್ಲಿ ನಡೆಯುತ್ತಿತ್ತು. ಊರಿಗೆ ಮರಳಿ ಮನೆಯವರನ್ನು ಒಪ್ಪಿಸಿ, ಅರ್ಜಿ ಹಾಕಿ, 1941ರ ಜನವರಿ 1ರಂದು ಅಲ್ಲಿಗೆ ಸೇರಿದರು.

ಆ ದಿನ ಭಾರತದ ಯಾವ ವಿಶ್ವವಿದ್ಯಾಲಯದಲ್ಲೂ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಎಂಬುದೇ ಇರಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಆರಂಭಿಸಿದ್ದು ಅದೇ 1941ರಲ್ಲಿ. ಅಂದರೆ ರಾವ್ ಗಣಿತದಂಥ ಪ್ರತಿಷ್ಠಿತ ವಿಷಯವನ್ನು ಬಿಟ್ಟು, ಪದವಿಯೇ ಇಲ್ಲದ ವಿಷಯಕ್ಕೆ ಹೋದರು! ಇಂದು ಇಂಜಿನಿಯರಿಂಗ್ ಬಿಟ್ಟು ಇತಿಹಾಸಕ್ಕೆ ಹೋಗುವ ಹುಡುಗಿಗೆ ಎಂ.ಎ. ತರಗತಿಯಾದರೂ ಇದೆ. ರಾವ್ ಹೊಸ ಎಂ.ಎ.ಯ ಮೊದಲ ತಂಡದಲ್ಲಿ ಸೇರಿ 1943ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು.

ಇನ್ನು ಆ ಕೋಣೆಗಳ ಯಜಮಾನರ ವಿಷಯ. ನನ್ನ ದೃಷ್ಟಿಯಲ್ಲಿ ಈ ಕಥೆಯ ಜೀವಾಳ ಇರುವುದು ಇಲ್ಲಿಯೇ.

ಪ್ರಶಾಂತಚಂದ್ರ ಮಹಲನೋಬಿಸ್ 1893ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು, ಓದಿದ್ದು ಭೌತಶಾಸ್ತ್ರ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ, ನಂತರ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. ನಮ್ಮ ರಾಮಾನುಜನ್ ಆಗ ಅಲ್ಲಿಯೇ ಇದ್ದರು, ಇಬ್ಬರಿಗೂ ಸ್ನೇಹವಿತ್ತು. 1915ರಲ್ಲಿ ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದು ಊರಿಗೆ ಹೊರಟಾಗ ಯುದ್ಧದ ಕಾರಣ ಹಡಗು ತಡವಾಯಿತು. ಹೊತ್ತು ಕಳೆಯಲು ಕಾಲೇಜಿನ ಗ್ರಂಥಾಲಯಕ್ಕೆ ಹೋದವರಿಗೆ ಅಧ್ಯಾಪಕರೊಬ್ಬರು 'ಬಯೊಮೆಟ್ರಿಕಾ' ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಜೀವಿಗಳ ಅಳತೆಗಳನ್ನು ಲೆಕ್ಕದ ಮೂಲಕ ಅರ್ಥ ಮಾಡಿಕೊಳ್ಳುವ ವಿಷಯಕ್ಕೆ ಮೀಸಲಾದ ಪತ್ರಿಕೆ ಅದು. ಓದುತ್ತ ಓದುತ್ತ ಎಷ್ಟು ರುಚಿ ಹತ್ತಿತೆಂದರೆ, ಪೂರ್ತಿ ಸಂಪುಟಗಳನ್ನೇ ಕೊಂಡು ಹಡಗಿನಲ್ಲಿ ಓದುತ್ತ ಬಂದರು. ಕಲ್ಕತ್ತೆಗೆ ಬಂದು ಭೌತಶಾಸ್ತ್ರದ ಅಧ್ಯಾಪಕರಾದರು, ಅನೇಕ ವರ್ಷ ಅದೇ ಪಾಠ ಹೇಳಿದರು. ಮನಸ್ಸು ಮಾತ್ರ ಅಳತೆಗಳ ಕಡೆಗೇ ಹರಿಯಿತು. 1920ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರ ಸಮೀಕ್ಷಾ ಇಲಾಖೆಯ ನೆಲ್ಸನ್ ಅನ್ನಾಂಡೇಲ್ ಅವರು ಕಲ್ಕತ್ತೆಯ ಆಂಗ್ಲೋ ಇಂಡಿಯನ್ ಜನರ ದೇಹದ ಅಳತೆಗಳನ್ನು ಇವರ ಕೈಗಿತ್ತರು. ಅದನ್ನು ಆಧರಿಸಿದ ಮೊದಲ ಲೇಖನ 1922ರಲ್ಲಿ ಬಂತು. ಎರಡು ಜನಸಮುದಾಯಗಳ ನಡುವಿನ ಅಂತರವನ್ನು, ತಲೆಯ ಉದ್ದ, ಮೂಗಿನ ಅಗಲ ಮೊದಲಾದ ಹತ್ತಾರು ಅಳತೆಗಳನ್ನು ಒಟ್ಟಿಗೇ ಲೆಕ್ಕಕ್ಕೆ ತಂದು, ಒಂದೇ ಸಂಖ್ಯೆಯಲ್ಲಿ ಹೇಳುವ ವಿಧಾನ ಇದೇ ಕೆಲಸದಿಂದ ಬೆಳೆಯಿತು. ಇಂದಿಗೂ ಅದಕ್ಕೆ ಮಹಲನೋಬಿಸ್ ಅಂತರ ಎಂದೇ ಹೆಸರು.

1931ರ ಡಿಸೆಂಬರಿನಲ್ಲಿ ಅವರು ಸಂಸ್ಥೆಯನ್ನು ಸ್ಥಾಪಿಸಿದಾಗ ಮೊದಲ ವರ್ಷದ ಖರ್ಚು 250 ರೂಪಾಯಿಗೂ ಕಡಿಮೆ. ಸಂಖ್ಯಾಶಾಸ್ತ್ರ ಓದಿದವರು ದೇಶದಲ್ಲಿ ಇರಲೇ ಇಲ್ಲ. ಆದ್ದರಿಂದ ಬೇರೆ ವಿಷಯ ಓದಿದವರನ್ನೇ ಹುಡುಕಿ ತರಬೇಕಾಯಿತು. ಹುಡುಕಿದ ಬಗೆಗೆ ಒಂದು ಉದಾಹರಣೆ ಕೊಡುತ್ತೇನೆ, ನನಗೆ ಬಹಳ ಪ್ರಿಯವಾದದ್ದು.

ರಾಜಚಂದ್ರ ಬೋಸ್ ಎಂಬವರು ಕಲ್ಕತ್ತೆಯ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ರೇಖಾಗಣಿತದಲ್ಲಿ ಅವರ ಲೇಖನಗಳು ಬಂದಿದ್ದವು. 1932ರ ಡಿಸೆಂಬರಿನಲ್ಲಿ ಮಹಲನೋಬಿಸ್ ತಾವಾಗಿಯೇ ಅವರ ಮನೆಗೆ ಹೋಗಿ, ಶನಿವಾರ ಮತ್ತು ರಜಾದಿನಗಳಲ್ಲಿ ನಮ್ಮ ಸಂಸ್ಥೆಗೆ ಬಂದು ಕೆಲಸ ಮಾಡಿ ಎಂದು ಕೇಳಿದರು. ನನಗೆ ಸಂಖ್ಯಾಶಾಸ್ತ್ರ ಗೊತ್ತಿಲ್ಲವಲ್ಲ ಎಂದು ಬೋಸ್ ಹೇಳಿದರು. ಹೋದ ಮೇಲೆ ಮಹಲನೋಬಿಸ್ ಅವರ ಕೈಗೆ ಐವತ್ತು ಲೇಖನಗಳ ಪಟ್ಟಿಯನ್ನೂ ರೊನಾಲ್ಡ್ ಫಿಶರ್ ಬರೆದ ಒಂದು ಪುಸ್ತಕವನ್ನೂ ಕೊಟ್ಟು, ಸದ್ಯಕ್ಕೆ ಇಷ್ಟು ಓದಿಕೊಂಡರೆ ಸಾಕು ಎಂದರಂತೆ! ಪ್ರಮಾಣಪತ್ರ ಕೇಳಲಿಲ್ಲ, ಮೊದಲಿನಿಂದ ಪದವಿ ಮಾಡಿಕೊಂಡು ಬಾ ಎನ್ನಲಿಲ್ಲ. ಬೋಸರ ರೇಖಾಗಣಿತ ಹಾಳಾಯಿತೇ? ಇಲ್ಲ. ಹೊಲಗಳಲ್ಲಿ ಬೆಳೆಯ ಪ್ರಯೋಗಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂಬ ಪ್ರಶ್ನೆಗೆ ಅವರು ಅದೇ ರೇಖಾಗಣಿತದಿಂದ ಉತ್ತರ ತೆಗೆದರು. ಮುಂದೆ 1959ರಲ್ಲಿ ಶ್ರೀಖಂಡೆ ಮತ್ತು ಪಾರ್ಕರ್ ಎಂಬವರ ಜೊತೆ, ಹದಿನೆಂಟನೆಯ ಶತಮಾನದ ಆಯ್ಲರ್ ಮಹಾಶಯನ ಒಂದು ಊಹೆ ತಪ್ಪೆಂದು ತೋರಿಸಿ ಲೋಕಪ್ರಸಿದ್ಧರಾದರು.

ಹೀಗೆ, ಹಡಗಲಿಯಲ್ಲಿ ಹುಟ್ಟಿದ ಹುಡುಗ 1941ರಲ್ಲಿ ತಟ್ಟಿದ ಬಾಗಿಲು, ಸ್ವತಃ ದಾರಿ ಬದಲಿಸಿದವರೊಬ್ಬರು ಹತ್ತು ವರ್ಷದಿಂದ ತೆರೆದಿಟ್ಟುಕೊಂಡಿದ್ದ ಬಾಗಿಲು. ರಾವ್ ಅವರ ಬುದ್ಧಿಶಕ್ತಿಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಅಂಥದೇ ಬುದ್ಧಿಯ ಎಷ್ಟು ಹುಡುಗರು ಗಡುವು ಮೀರಿದ ಅರ್ಜಿಯೊಂದಿಗೆ ಊರಿಗೆ ಮರಳಿ, ಸಿಕ್ಕಿದ ಗುಮಾಸ್ತಿಕೆ ಹಿಡಿದು ಬದುಕು ಮುಗಿಸಿರಬಹುದು? ಅವರ ಹೆಸರನ್ನು ಯಾವ ಇತಿಹಾಸವೂ ಬರೆದಿಟ್ಟಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ರಾವ್ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ದಾಂಡೇಕರ್ ಎಂಬ ವಿದ್ಯಾರ್ಥಿ ತರಗತಿಯಲ್ಲಿ ಎದ್ದು ಒಂದು ಪ್ರಶ್ನೆ ಕೇಳಿದ. ಅನ್ನ ಬೆಂದಿದೆಯೇ ಎಂದು ನಾವು ಒಂದೆರಡು ಅಗುಳು ಒತ್ತಿ ನೋಡುತ್ತೇವಲ್ಲ, ಸಂಖ್ಯಾಶಾಸ್ತ್ರದ ಅಂದಾಜು ಎಂದರೆ ಸುಮಾರಾಗಿ ಅದೇ. ಬಹಳ ಅಗುಳು ನೋಡಿದರೆ ತಪ್ಪು ಎಷ್ಟರ ಮಟ್ಟಿಗೆ ಕಡಿಮೆಯಾಗಬಹುದು ಎಂಬುದು ಫಿಶರರ ಕೆಲಸದಿಂದ ತಿಳಿದಿತ್ತು. ಕೆಲವೇ ಅಗುಳು ನೋಡಿದಾಗಲೂ ಅಂಥ ಮಿತಿ ಉಂಟೇ ಎಂಬುದು ಪ್ರಶ್ನೆ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕುಳಿತು ಲೆಕ್ಕ ಬಿಡಿಸಿ, ಮರುದಿನ ತರಗತಿಯಲ್ಲಿ ಉತ್ತರ ಹೇಳಿದರು. ಪಕ್ಷಪಾತವಿಲ್ಲದ ಅಂದಾಜು ಎಷ್ಟೇ ಜಾಣತನದ್ದಾಗಿರಲಿ, ಅದರ ತಪ್ಪು ಒಂದು ಮಿತಿಗಿಂತ ಕೆಳಗೆ ಇಳಿಯಲಾರದು. ಇದು 1945ರಲ್ಲಿ ಕಲ್ಕತ್ತೆಯ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇಂದು ಕ್ರಾಮರ್-ರಾವ್ ಮಿತಿ ಎಂಬ ಹೆಸರಿನಲ್ಲಿ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಪ್ರಶ್ನೆ ಕೇಳಿದ ದಾಂಡೇಕರರೋ, ಮುಂದೆ ಅರ್ಥಶಾಸ್ತ್ರಕ್ಕೆ ಹೊರಳಿ, 1971ರಲ್ಲಿ ನೀಲಕಂಠ ರಥ್ ಅವರ ಜೊತೆ ಭಾರತದ ಬಡತನವನ್ನು ಕುರಿತು ಪ್ರಸಿದ್ಧ ಅಧ್ಯಯನವನ್ನು ಬರೆದರು. ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳುವವರನ್ನು ನಾನೂ ಒಂದೆರಡು ಸಲ "ಕೂತ್ಕೊಳೋ" ಎಂದು ಗದರಿಸಿದ್ದೇನೆ. ನೊಂದವರು ಕ್ಷಮಿಸಬೇಕು.

1946ರಲ್ಲಿ ಮಹಲನೋಬಿಸ್ ಅವರು ರಾವ್ ಅವರನ್ನು ಕೇಂಬ್ರಿಜ್‌ಗೆ ಕಳುಹಿಸಿದರು. ಗಣಿತ ವಿಭಾಗಕ್ಕಲ್ಲ, ಪ್ರಾಕ್ತನ ವಸ್ತುಸಂಗ್ರಹಾಲಯಕ್ಕೆ! ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಜನರ ಅಸ್ಥಿಪಂಜರಗಳು ಅಲ್ಲಿದ್ದವು. ಆ ಜನ ಯಾರಿಗೆ ಸಮೀಪದವರು ಎಂಬುದನ್ನು ಮಹಲನೋಬಿಸ್ ಅಂತರದ ಲೆಕ್ಕದಿಂದ ತಿಳಿಯಬೇಕಿತ್ತು. ರಾವ್ ಹಗಲು ಮೂಳೆಗಳ ಲೆಕ್ಕ ನೋಡುತ್ತ, ಫಿಶರ್ ಅವರ ತಳಿಶಾಸ್ತ್ರ ಪ್ರಯೋಗಾಲಯದಲ್ಲಿ ಇಲಿಗಳ ಮೇಲೂ ಕೆಲಸ ಮಾಡುತ್ತ, 1948ರಲ್ಲಿ ಫಿಶರರ ಮಾರ್ಗದರ್ಶನದಲ್ಲೇ ಡಾಕ್ಟರೇಟ್ ಪಡೆದರು. ಜೆಬೆಲ್ ಮೋಯಾದ ಪುಸ್ತಕ 1955ರಲ್ಲಿ ಹೊರಬಂತು. ಗಣಿತದ ಪದವೀಧರನೊಬ್ಬ ಸೂಡಾನಿನ ಪ್ರಾಚೀನ ಇತಿಹಾಸದ ಪುಸ್ತಕಕ್ಕೆ ಸಹಲೇಖಕ! ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಕೊಸಾಂಬಿಯವರೂ ಹಾಗೆಯೇ. ಗಣಿತದ ಪ್ರಾಧ್ಯಾಪಕರು ಹಳೆಯ ಮುದ್ರಾಂಕಿತ ನಾಣ್ಯಗಳನ್ನು ತಕ್ಕಡಿಯಲ್ಲಿ ತೂಗುತ್ತ ತೂಗುತ್ತ ಇತಿಹಾಸಕಾರರಾದರು. ಆ ಕಥೆ ಇನ್ನೊಮ್ಮೆ.

ರಾವ್ ನಾಲ್ಕು ದಶಕಗಳ ಹತ್ತಿರ ಕಲ್ಕತ್ತೆಯ ಸಂಸ್ಥೆಯಲ್ಲಿ ದುಡಿದು, ನಂತರ ಅಮೆರಿಕಕ್ಕೆ ಹೋದರು. 2001ರಲ್ಲಿ ಪದ್ಮವಿಭೂಷಣ ಬಂತು. 1945ರ ಆ ಲೇಖನಕ್ಕಾಗಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದದ್ದು 2023ರಲ್ಲಿ, ಅವರ 102ನೆಯ ವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟ್ 22ರಂದು ತೀರಿಕೊಂಡರು.

ಇನ್ನು ನನ್ನ ವಿಷಯ.

ನಾನು 1979ರಲ್ಲಿ ಬಿ.ಎಸ್ಸಿ. ಮುಗಿಸಿದೆ; ಭೌತಶಾಸ್ತ್ರ, ಗಣಿತ ಓದಿದವನು. ಆದರೆ ಹುಡುಗನಾಗಿದ್ದಾಗಿನಿಂದ ನನ್ನ ಮನಸ್ಸೆಲ್ಲ ನಮ್ಮೂರ ಹೊರಗಿನ ಈಶ್ವರ ಗುಡಿಯ ಮುಂದಿದ್ದ ಎರಡು ವೀರಗಲ್ಲುಗಳ ಮೇಲೆ. ಅದರಲ್ಲಿ ಬರೆದದ್ದೇನು, ಆ ವೀರ ಯಾರು ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂ.ಎ. ಇತಿಹಾಸಕ್ಕೆ ಅರ್ಜಿ ತರಲೆಂದು ಬಸ್ಸು ಹತ್ತಿ ಒಂದು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದವರು ನನ್ನ ಅಂಕಪಟ್ಟಿ ನೋಡಿ, "ಫಿಸಿಕ್ಸ್ ಓದಿದವನಿಗೆ ಹಿಸ್ಟರಿ ಯಾಕಯ್ಯಾ? ಬಿ.ಎ. ಮಾಡಿರಬೇಕು" ಎಂದು ಹಿಂದಕ್ಕೆ ತಳ್ಳಿದರು. ಅದು ನಿಯಮವೋ ಅವರ ಅಭಿಪ್ರಾಯವೋ, ಕೇಳುವ ಧೈರ್ಯ ನನಗಾಗಲಿಲ್ಲ. ಸಂಜೆಯ ಬಸ್ಸಿಗೆ ಮರಳಿದೆ. ಬಿ.ಇಡಿ. ಸೇರಿದೆ, ಗಣಿತದ ಮೇಷ್ಟ್ರಾದೆ. ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು: ಅಪ್ಪನ ತಲೆಯ ಮೇಲೆ ಸಾಲವಿತ್ತು, ಮನೆಯಲ್ಲಿ ಇಬ್ಬರು ತಂಗಿಯರಿದ್ದರು. ಅರ್ಜಿ ಸಿಕ್ಕಿದ್ದರೂ ನಾನು ಓದುತ್ತಿದ್ದೆನೋ ಇಲ್ಲವೋ. ಎಲ್ಲ ಮನೆಗಳಿಗೂ ಮಗನನ್ನು ಕಲ್ಕತ್ತೆಗೆ ಕಳುಹಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ನನಗೆ ಮೇಷ್ಟ್ರ ಕೆಲಸದ ಬಗ್ಗೆ ಕೊರಗಿಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ರಜೆ ಹಾಕಿದಾಗಲೆಲ್ಲ ಆ ತರಗತಿಗಳಿಗೆ ಓಡುತ್ತಿದ್ದೆನಲ್ಲ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಕೊರಗು ಇರುವುದು ಬೇರೆಯದಕ್ಕೆ. 1996ರಲ್ಲಿ ನನ್ನ ಶಿಷ್ಯನೊಬ್ಬ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದ. ಕನ್ನಡ ಎಂ.ಎ. ಮಾಡಬೇಕೆಂದಿದ್ದೇನೆ ಸರ್, ಮನೆಯಲ್ಲಿ ಒಪ್ಪುತ್ತಿಲ್ಲ, ನೀವೊಂದು ಮಾತು ಹೇಳಿ ಎಂದ. ಹಳಗನ್ನಡ ಪದ್ಯವನ್ನು ಬಿಡಿಸಿ ಓದುತ್ತಿದ್ದ ಹುಡುಗ, ಸ್ವಂತ ಬರವಣಿಗೆಯೂ ಇತ್ತು. ನಾನು ಏನು ಹೇಳಿದೆ ಗೊತ್ತೇ? "ಮೂರು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಹಿಡಿದ ದಾರಿ ಬಿಡಬೇಡ" ಎಂದೆ. ಹದಿನೇಳು ವರ್ಷದ ಹಿಂದೆ ಕಿಟಕಿಯ ಹಿಂದೆ ಕೂತಿದ್ದವರ ಧ್ವನಿಯಲ್ಲೇ ಹೇಳಿದೆ. ಅವನು ಮರುಮಾತಾಡದೆ ಕಾಲಿಗೆರಗಿ ಹೋದ. ಈಗ ಒಂದು ಔಷಧ ಕಂಪನಿಯಲ್ಲಿದ್ದಾನೆ, ಚೆನ್ನಾಗಿದ್ದಾನೆ. ಎರಡು ವರ್ಷದ ಹಿಂದೆ ಮದುವೆಯೊಂದರಲ್ಲಿ ಸಿಕ್ಕಾಗ, ಈಗಲೂ ಓದುತ್ತೀಯೇನಪ್ಪ ಎಂದು ಕೇಳಿದೆ. "ಬಿಟ್ಟುಹೋಯ್ತು ಸರ್" ಎಂದು ನಕ್ಕ. ಬೇರೇನೂ ಹೇಳಲಿಲ್ಲ. ಊಟದ ಎಲೆಯ ಮುಂದೆ ಕುಳಿತವನಿಗೆ ನನಗೆ ತುತ್ತು ಇಳಿಯಲಿಲ್ಲ. ಅವನು ಈ ಪುಟವನ್ನು ಓದುತ್ತಾನೆಂದು ಕೇಳಿದ್ದೇನೆ. ತಪ್ಪಾಯಿತಪ್ಪಾ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳಿದ್ದೇನೆ.

ಭಾನುವಾರ ತಾಯಿ ಮಗಳು ಬರುತ್ತಾರೆ. ತಂದೆಯೂ ಬಂದರೆ ಒಳ್ಳೆಯದು. ಅವರ ಭಯ ಸುಳ್ಳಲ್ಲ, ಎರಡು ವರ್ಷದ ಖರ್ಚು ಹೇಗೆ, ಆಮೇಲೆ ಅನ್ನ ಹೇಗೆ ಎಂಬುದನ್ನು ಕೂತು ಮಾತಾಡಲೇಬೇಕು. ಹುಡುಗಿ ಕಂಪ್ಯೂಟರಿನ ವಿದ್ಯೆಯನ್ನು ಶಾಸನಗಳ ಓದಿಗೆ ಹೇಗೆ ಹಚ್ಚಬಹುದೆಂದು ಅವಳನ್ನೇ ಕೇಳಬೇಕೆಂದಿದ್ದೇನೆ, ನನಗೆ ಅದು ತಿಳಿಯದು. ನಿನ್ನೆ ರಾತ್ರಿ ಅವಳಿಗಾಗಿ ಒಂದು ಪಟ್ಟಿ ಬರೆದೆ. ಮೊದಲನೆಯ ಸಾಲು: ಪ್ರವೇಶದ ನಿಯಮಗಳನ್ನು ಅಚ್ಚಾದ ಕಾಗದದಲ್ಲೇ ಓದತಕ್ಕದ್ದು, ಕಿಟಕಿಯ ಹಿಂದಿನವರ ಬಾಯಿಂದಲ್ಲ. ಆಮೇಲೆ ಪುಸ್ತಕಗಳು. ಮಹಲನೋಬಿಸ್ ಐವತ್ತು ಕೊಟ್ಟಿದ್ದರು. ನನ್ನ ಕಪಾಟನ್ನೆಲ್ಲ ತಡಕಿದರೂ ಹನ್ನೊಂದರ ಮೇಲೆ ಹೋಗಲಿಲ್ಲ. ಅವುಗಳನ್ನು ಕೆಳಗಿಳಿಸಿ ಧೂಳು ಒರೆಸಿ ಮೇಜಿನ ಮೇಲೆ ಇಟ್ಟಿದ್ದೇನೆ.